ಹೊಳೆ ದಾಟದ ಚೆಂಡು

ಹಿಮ್ಮಡಿ ನೋವು ದೊಡ್ಡ ಕಾಯಿಲೆಯೇನೂ ಅಲ್ಲ. ಆದರೆ ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಊರುವಾಗ ಅದು ಎಂಥವನನ್ನೂ ವಿನಯವಂತನನ್ನಾಗಿ ಮಾಡಿಬಿಡುತ್ತದೆ. ಇಲ್ಲಿ ಪುತ್ತೂರಿನ ದರ್ಬೆಯ ಡಾಕ್ಟರು ನನ್ನ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು "ಅಯ್ಯೋ" ಎಂದ ಜಾಗವನ್ನೇ ಇನ್ನೊಮ್ಮೆ ಒತ್ತಿದರು. ಆಮೇಲೆ, "ಗಟ್ಟಿ ಚೆಂಡೊಂದನ್ನು ಕಾಲಡಿಗೆ ಹಾಕಿ ಉರುಳಿಸ್ತಾ ಇರಿ. ಗಾಲ್ಫ್ ಬಾಲ್ ಸಿಕ್ಕಿದರೆ ಭಾರೀ ಒಳ್ಳೆದು" ಎಂದರು. ಪುತ್ತೂರಿನಲ್ಲಿ ಗಾಲ್ಫ್ ಬಾಲ್ ಎಲ್ಲಿಂದ ತರುವುದು ಎಂದು ನಾನು ಯೋಚಿಸುತ್ತಿರುವಾಗಲೇ ಸೊಸೆ ಫೋನಿನ ಮೇಲೆ ಬೆರಳಾಡಿಸಿದಳು. ನಾಲ್ಕನೇ ದಿನ ಮೂರು ಚೆಂಡುಗಳು ಮನೆ ಬಾಗಿಲಿಗೆ ಬಂದವು.

ಪೊಟ್ಟಣ ಬಿಚ್ಚಿದ ಕೂಡಲೇ ಹೊಸ ಬಣ್ಣದ ವಾಸನೆ, ಅದರ ಅಡಿಯಲ್ಲಿ ಎಲ್ಲೋ ರಬ್ಬರಿನದು. ನಾನು ಒಂದನ್ನು ಮೂಗಿನ ಹತ್ತಿರ ಹಿಡಿದುಕೊಂಡು ಸುಮಾರು ಹೊತ್ತು ಕೂತಿರಬೇಕು.

"ಎಂತ ಮಾವ, ಚಿಕ್ಕು ಹಣ್ಣಾ ಅದು, ಮೂಸಿ ನೋಡ್ಲಿಕ್ಕೆ?" ಎಂದು ಸೊಸೆ ನಕ್ಕಳು. ಮತ್ತೆ ತಾನೇ, "ಇದು ಎಷ್ಟು ಸಮಯ ಬಾಳಿಕೆ ಬರ್ತದೋ ಎಂತದೋ. ಮೂರು ಸಾಕಾ?" ಎಂದಳು.

ನಾನು ಎದ್ದು ನಿಂತು, ಚೆಂಡನ್ನು ಎದೆಯ ಮಟ್ಟಕ್ಕೆ ಹಿಡಿದು ನೆಲಕ್ಕೆ ಬಿಟ್ಟೆ. ಟಕ್. ಅದು ನೇರ ನನ್ನ ಕೈಗೇ ವಾಪಸು ಬಂತು. ಗಾಲ್ಫ್ ಚೆಂಡು ಎಷ್ಟು ಸಮಯ ಬಾಳಿಕೆ ಬರುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದ ಒಬ್ಬರೇ ಒಬ್ಬರನ್ನು ನನ್ನ ಜೀವಮಾನದಲ್ಲಿ ನಾನು ಕಂಡಿದ್ದೇನೆ. ಅವರೂ ನನಗೆ ಮಾವನೇ. ಅಮ್ಮನ ಅಣ್ಣ, ಆಲಂಕಾರಿನ ದೇರಣ್ಣ ಮಾವ.

ಮಾವ ಪ್ರಾಯದಲ್ಲಿ ಬೊಂಬಾಯಿಗೆ ಹೋದವರು. ನಮ್ಮ ಕಡೆಯಿಂದ ಹೋದವರೆಲ್ಲ ಹೋಟೆಲು ಸೇರುತ್ತಿದ್ದರೆ, ಮಾವ ಹೇಗೋ ಒಂದು ಗಾಲ್ಫ್ ಮೈದಾನ ಸೇರಿದರು. ಸಾಹೇಬರುಗಳ ಬ್ಯಾಗು ಹೊರುವುದು, ಅವರು ಹೊಡೆದ ಚೆಂಡು ಎಲ್ಲಿ ಬಿತ್ತೆಂದು ನೋಡಿ ಹುಡುಕಿ ಕೊಡುವುದು, ಇದು ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿ ಎಪ್ಪತ್ತರ ದಶಕದಲ್ಲಿ ಊರಿಗೆ ಬಂದರು. ಬರುವಾಗ ಒಂದು ಟ್ರಂಕು, ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ಒಂದು ಗಾಲ್ಫ್ ಕೋಲು, ಉದ್ದದ ಒಂದು ಕಾಲುಚೀಲದಲ್ಲಿ ಹನ್ನೊಂದು ಹಳೆಯ ಚೆಂಡು, ಮತ್ತು ಕಾಗದದಲ್ಲಿ ಸುತ್ತಿದ ಒಂದೇ ಒಂದು ಹೊಸ ಚೆಂಡು ತಂದಿದ್ದರು. ಟ್ರಂಕಿನಲ್ಲಿ ಏನಿತ್ತೆಂದು ಯಾರಿಗೂ ನೆನಪಿಲ್ಲ.

ನಮ್ಮ ಮನೆ ಸುಳ್ಯದ ಕಡೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಪ್ಪತ್ತಮೂರು ದಾಟಿದ ಮೇಲೆ ಕಡಬದ ಹತ್ತಿರ ಒಂದು ರಬ್ಬರ್ ತೋಟದಲ್ಲಿ ಕೆಲಸ ಸಿಕ್ಕಿತು, ಉಳಿಯಲಿಕ್ಕೆ ಮಾವನ ಮನೆ. ಆಗ ಮಾವನೇ ಹಟ ಹಿಡಿದು ನನ್ನನ್ನು ಏಳನೇ ಕ್ಲಾಸಿನ ಪರೀಕ್ಷೆಗೆ ಓದಲು ಕೂರಿಸಿದರು. ಮೀಸೆ ಬಂದ ಮೇಲೆ ಮಗ್ಗಿ ಬಾಯಿಪಾಠ ಮಾಡುವ ಕಷ್ಟ ಮಾಡಿದವನಿಗೇ ಗೊತ್ತು. ಇಂಗ್ಲಿಷ್ ಅಕ್ಷರ ನಾನು ಕಲಿತದ್ದು ಆ ಹನ್ನೊಂದು ಚೆಂಡುಗಳಿಂದ. ಒಂದೊಂದರ ಮೇಲೂ ಕಂಪೆನಿಯ ಹೆಸರು ಅರ್ಧರ್ಧ ಅಳಿಸಿ ಹೋಗಿತ್ತು. ಇದರಲ್ಲಿ ಉಳಿದ ತಲೆಯನ್ನು ಅದರಲ್ಲಿ ಉಳಿದ ಬಾಲಕ್ಕೆ ಜೋಡಿಸಿ ನಾನು ಒಂದು ಇಡೀ ಶಬ್ದವನ್ನು ಓದಿದ ದಿವಸ ಮಾವ ಅತ್ತೆಗೆ ಹೇಳಿ ಪಾಯಸ ಮಾಡಿಸಿದ್ದರು. ಇಂದಿಗೂ ನನ್ನ ಓದು ಹಾಗೆಯೇ ಉಂಟು. ತುಂಡು ತುಂಡು ಸೇರಿಸಿಕೊಂಡು.

ಚಳಿಗಾಲದಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ಮಾವ ಬೆಳಗ್ಗೆ ಒಬ್ಬರೇ ಆಡುತ್ತಿದ್ದರು. ಈಗಲೂ ಕಣ್ಣು ಮುಚ್ಚಿದರೆ ನನಗೆ ಅದು ಕಾಣುತ್ತದೆ. ಗದ್ದೆಯ ಮೇಲೆ ಸೊಂಟದ ಎತ್ತರಕ್ಕೆ ಮಂಜು. ಮಂಜಿನ ಮೇಲೆ ಮಾವನ ಅರ್ಧ ಮೈ ಮಾತ್ರ. ಕಾಲುಗಳೇ ಇಲ್ಲದ ಮನುಷ್ಯ ತೇಲಿಕೊಂಡು ಹೋಗುತ್ತಿದ್ದಾನೆ ಅನಿಸುವುದು. ಕೋಲು ನಿಧಾನ ಮೇಲೆ ಹೋಗುವುದು, ಅಲ್ಲೇ ಏನೋ ನೆನಪಾದ ಹಾಗೆ ಒಂದು ಗಳಿಗೆ ನಿಲ್ಲುವುದು, ಇಳಿಯುವುದು. ಸದ್ದು ಆಮೇಲೆ ಬರುವುದು. ಚೆಂಡು ಮಂಜಿನಿಂದ ಎದ್ದು, ಬಿಸಿಲು ತಾಗಿದ ಕೂಡಲೇ ಬೆಳ್ಳಗೆ ಹೊಳೆದು, ಬೀಳುವುದನ್ನೇ ಮರೆತಂತೆ ಮೇಲೆ ನಿಂತಿರುವುದು. ಗದ್ದೆಯ ಬದುವಿನಲ್ಲಿ ಕೂತ ನನಗೆ ಅದು ಕೆಳಗೆ ಬರುವುದೇ ಬೇಡ ಅನಿಸುತ್ತಿತ್ತು. ಬಂದರೆ ಹುಡುಕಲಿಕ್ಕೆ ಹೋಗಬೇಕಾದವನು ನಾನಲ್ಲವಾ? ಅದೂ ಒಂದು ಕಾರಣ.

ಮಾವನ ಪ್ರಕಾರ ಚೆಂಡಿನ ಆಯುಷ್ಯ ಅದನ್ನು ಆಡುವವನ ಕೈಯಲ್ಲಿದೆ. "ಸಾಹೇಬ್ರ ಕೈಯಲ್ಲಿ ಒಂದು ಬೆಳಗ್ಗೆ. ಒಂದು ಗೀರು ಬಿದ್ರೆ ಬಿಸಾಡಿ ಬಿಡುದು. ಅದೇ ಚೆಂಡು ನಮ್ಮ ಕೈಯಲ್ಲಿ ಒಂದು ವರ್ಷ ಮಾರಾಯ!" ಎನ್ನುತ್ತಿದ್ದರು. ಗೀರು ಬಿದ್ದು ಮೇಲಿನ ಸಿಪ್ಪೆ ಸೀಳಿದರೆ ಅದಕ್ಕೆ ಮಾವನ ಭಾಷೆಯಲ್ಲಿ "ಬಾಯಿ ಬಿಟ್ಟಿದೆ" ಎಂದು ಹೆಸರು. ಆದರೆ ಬಾಯಿ ಬಿಟ್ಟದ್ದೆಲ್ಲ ಸತ್ತದ್ದಲ್ಲ. ಎದೆ ಮಟ್ಟದಿಂದ ಕಲ್ಲಿನ ಮೇಲೆ ಬಿಟ್ಟು ನೋಡಬೇಕು. ಟಕ್ ಎಂದರೆ ಜೀವ ಉಂಟು. ದಪ್ ಎಂದರೆ ಮುಗಿಯಿತು. "ಹೊರಗೆ ಎಷ್ಟು ಚೆಂದ ಇದ್ರೂ ಲೆಕ್ಕ ಇಲ್ಲ. ಸದ್ದು ಕೇಳ್ಬೇಕು."

ಹಾಗೆ ದಪ್ ಎಂದ ಒಂದನ್ನು ನಾವು ಒಮ್ಮೆ ಕತ್ತಿಯಿಂದ ಸೀಳಿದೆವು. ಒಳಗೆ ನೂಲುಂಡೆಯ ಹಾಗೆ ಬಿಗಿದು ಸುತ್ತಿದ ರಬ್ಬರ್ ನೂಲು! ಬಿಚ್ಚುತ್ತಾ ಹೋದರೆ ಚಾವಡಿಯಿಂದ ಬಾವಿಕಟ್ಟೆಗೆ ಹೋಗಿ ವಾಪಸು ಬಂದರೂ ಮುಗಿಯಲಿಲ್ಲ. ಅತ್ತೆಗೆ ಅದನ್ನು ಕಂಡು ಬಹಳ ಖುಷಿಯಾಯಿತು. ಅಡಿಗೆಮನೆಯಲ್ಲಿ ಒಲೆಯ ಮೇಲಿನ ಜಂತಿಗೆ ಸಾಂಬಾರಿನ ದೊಡ್ಡ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತೂಗಿಸುವುದು ನಮ್ಮಲ್ಲಿ ರೂಢಿ. ಹಾಗಿಟ್ಟರೆ ಮಳೆಗಾಲಕ್ಕೂ ಬರುತ್ತವೆ. ಆ ವರ್ಷ ಅತ್ತೆ ಬಾಳೆನಾರು ಬಿಟ್ಟು ಬೊಂಬಾಯಿ ನೂಲಿನಲ್ಲಿ ಕಟ್ಟಿದರು. ಒಂದು ತಿಂಗಳು ಹೋಗಿರಬೇಕು, ಮಾವ ಒಲೆಯ ಹತ್ತಿರ ಕೂತು ಬೀಡಿ ಹೊತ್ತಿಸುವಾಗ ಸೌತೆಕಾಯಿ ನೇರ ಅವರ ಮಂಡೆಗೆ ಬಿತ್ತು.

"ನಿಮ್ಮ ನೂಲು, ನಿಮ್ಮ ಮಂಡೆ. ನನ್ನ ಸೌತೆಕಾಯಿ ಒಡೆದದ್ದು ಮಾತ್ರ ಪಾಪ" ಎಂದರು ಅತ್ತೆ.

ನಾವು ಎರಡು ದಿವಸ ನಕ್ಕೆವು. ಒಲೆಯ ಬಿಸಿ ಹೊಗೆಗೆ ಆ ನೂಲು ಯಾಕೆ ತುಂಡಾಯಿತೆಂದು ಆಗ ನಾನು ಒಂದು ನಿಮಿಷ ಯೋಚಿಸಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಸೌತೆಕಾಯಿ ನನಗೂ ಸೇರಿಸಿಯೇ ಹೇಳಿತ್ತು. ಬಿದ್ದದ್ದು ಮಾವನ ತಲೆಗಾದ್ದರಿಂದ ನನ್ನ ತಲೆಗೆ ಹೋಗಲಿಲ್ಲ.

ಇನ್ನೊಂದು ಚೆಂಡನ್ನು ಅತ್ತೆ ಕೋಳಿಗೂಡಿನಲ್ಲಿಟ್ಟರು. ಹೇಂಟೆಗೆ ಗೂಡಿನ ದಾರಿ ಮರೆಯದಿರಲು ಒಂದು ಮೊಟ್ಟೆ ಬಿಡುವುದುಂಟಲ್ಲ, ಅದರ ಬದಲಿಗೆ. ಹೇಂಟೆ ಅದನ್ನು ಸ್ವಂತದ್ದೆಂದೇ ತಿಳಿದು ಕಾವಿಗೆ ಕೂತಿತು. ಊರಿನಲ್ಲಿ ಮಾವನ ಗಾಲ್ಫನ್ನು ಪೂರ್ತಿ ನಂಬಿದ್ದು ಆ ಹೇಂಟೆ ಒಂದೇ.

ಯಾಕೆಂದರೆ ಮಾವ ಹೇಳುತ್ತಿದ್ದ, ಯಾರೂ ನಂಬದ ಒಂದು ಕತೆ ಇತ್ತು. ಬೊಂಬಾಯಿಯ ಮೈದಾನದಲ್ಲಿ ಒಂದು ಕೆರೆ. ಒಂದು ದಿನ ಸಾಹೇಬರು ಎಷ್ಟು ಹೊಡೆದರೂ ಚೆಂಡು ಅದರಲ್ಲೇ ಬೀಳುತ್ತಿತ್ತಂತೆ. ಸಿಟ್ಟು ಬಂದು ಕೋಲನ್ನು ಮಾವನ ಕೈಗೆ ಕೊಟ್ಟು, ನೀನೇ ಹೊಡಿ ಎಂದರಂತೆ. ಮಾವ ಒಂದೇ ಏಟಿಗೆ ದಾಟಿಸಿದರಂತೆ. ಸಾಹೇಬರು ಆ ಕೋಲನ್ನೂ ಒಂದು ಹೊಸ ಚೆಂಡನ್ನೂ ಅಲ್ಲೇ ಬಹುಮಾನ ಕೊಟ್ಟರಂತೆ. ಕಾಗದದಲ್ಲಿ ಸುತ್ತಿಟ್ಟ ಚೆಂಡು ಅದು.

ಆಲಂಕಾರಿನ ಹೋಟೆಲಿನಲ್ಲಿ ಮಾವ ಈ ಕತೆ ಹೇಳಿದಾಗ ಅಲ್ಲಿ ನನ್ನ ಧಣಿ ಮತ್ತಾಯಿ ಚೇಟ ಕೂತಿದ್ದರು. ನಾನು ಕೆಲಸ ಮಾಡುತ್ತಿದ್ದ ರಬ್ಬರ್ ತೋಟ ಅವರದು. ಕೇರಳದಿಂದ ಬಂದು ನೆಲೆಸಿದವರು, ಚೇಟ ಅಂದರೆ ಅವರಲ್ಲಿ ಅಣ್ಣ. ಗಟ್ಟಿ ಮನುಷ್ಯ. ತಾವು ಕಣ್ಣಾರೆ ಕಾಣದ್ದನ್ನು ನಂಬುವವರಲ್ಲ.

"ಕೆರೆ ಎಂತಕ್ಕೆ ಗೌಡ್ರೆ, ನಮ್ಮ ಹೊಳೆ ಉಂಟಲ್ಲ. ಅದನ್ನು ದಾಟಿಸಿ, ನೋಡುವ!" ಎಂದರು ಚೇಟ.

ಮಾವ ಅವತ್ತೇ ಹೋಗಿ ಹಳೆಯ ಚೆಂಡೊಂದನ್ನು ಕುಮಾರಧಾರೆಯ ದಡದಿಂದ ಹೊಡೆದರು. ಅದು ನಡುನೀರಿಗೆ ಬಿತ್ತು. ಹೋಟೆಲಿನಿಂದ ಹಿಂದೆಯೇ ಬಂದಿದ್ದವರು ಹೋ ಎಂದರು.

"ಇದು ಹಳತು. ಬಾಯಿ ಬಿಟ್ಟದ್ದು. ಹೊಸತು ಒಂದು ಉಂಟು, ಅದರಲ್ಲಿ ದಾಟಿಸ್ತೇನೆ. ಮಾತು ಕೊಟ್ಟೆ" ಎಂದರು ಮಾವ.

ಅಲ್ಲಿಂದ ಶುರುವಾಯಿತು. ಮಾವ ಅಂದರೆ ಊರಿನಲ್ಲಿ ಮಾತಿಗೆ ಬೆಲೆ ಇದ್ದವರು. ಗಡಿಯ ಗಲಾಟೆ, ಅಣ್ಣತಮ್ಮಂದಿರ ಪಾಲು, ಎಂತದೇ ಇದ್ದರೂ "ದೇರಣ್ಣೆರನ್ನು ಕರೀರಿ" ಎನ್ನುತ್ತಿದ್ದರು. ಈಗ ಅವರು ಬಾಯಿ ತೆರೆದರೆ ಯಾರಾದರೊಬ್ಬ, "ಮೊದಲು ಚೆಂಡು ಹೊಳೆ ದಾಟ್ಲಿ ಗೌಡ್ರೆ, ಮತ್ತೆ ಮಾತಾಡುವ" ಎನ್ನಲು ತೊಡಗಿದ. ತಮಾಷೆಗೇ. ಆದರೆ ತಮಾಷೆ ನಿತ್ಯ ಆದರೆ ಹಾಗೆಯೇ ಕೂತುಬಿಡುತ್ತದೆ. ಒಂದು ಪಂಚಾತಿಕೆಗೆ ಮಾವನನ್ನು ಕರೆಯದೆ ಬೇರೆಯವರನ್ನು ಕರೆದರು. ಆ ದಿನ ಮಾವ ಗದ್ದೆಗೆ ಹೋಗಲಿಲ್ಲ. ಚಾವಡಿಯಲ್ಲಿ ಕೂತು ಹೊಸ ಚೆಂಡಿನ ಕಾಗದ ಬಿಚ್ಚಿದರು, ನೋಡಿದರು, ಮತ್ತೆ ಸುತ್ತಿದರು.

ಇರುವುದೊಂದೇ ಹೊಸ ಚೆಂಡೆಂದು ಮಾವ ಒಳ್ಳೆಯ ದಿನ ನೋಡುತ್ತಾ ಉಳಿದರು, ಹೊಡೆಯಲು ಅವಕಾಶ ಮಾತ್ರ ಸಿಗಲಿಲ್ಲ. ಅಷ್ಟರಲ್ಲಿ ಮಳೆ ಹಿಡಿದು ಹೊಳೆ ದಡ ತುಂಬಿತು. ಮಾವನ ಕಣ್ಣಿಗೆ ಪೊರೆ ಬಂದದ್ದೂ ಆಗಲೇ ಗೊತ್ತಾದದ್ದು. ಮಗಳ ಮನೆ ಮಂಗಳೂರಿನಲ್ಲಿ. ಅಲ್ಲಿ ಆಪರೇಶನ್ ಮಾಡಿಸಿಕೊಂಡು ಮಳೆಗಾಲ ಪೂರ್ತಿ ಅಲ್ಲೇ ಇರುವುದೆಂದಾಯಿತು. ಹೊರಡುವ ದಿನ ಬಸ್ಸು ಬರುವ ಹೊತ್ತಿಗೆ ಚೆಂಡನ್ನು ನನ್ನ ಕೈಗಿಟ್ಟರು.

"ಜಾಗ್ರತೆ ಅಳಿಯ. ಇದೊಂದೇ ಇರುದು. ಮಳೆಗಾಲ, ಬೂಷ್ಟು ಹಿಡಿದೀತು."

"ನೀವು ತಲೆಬಿಸಿ ಮಾಡ್ಬೇಡಿ ಮಾವ. ರಬ್ಬರ್ ಅಲ್ವಾ? ಅದು ನನ್ನ ಕೆಲಸವೇ" ಎಂದೆ ನಾನು.

ಹೌದು, ಅದು ನನ್ನ ಕೆಲಸವೇ ಆಗಿತ್ತು. ತೋಟದ ಹೊಗೆಗೂಡು ನನ್ನ ಉಸ್ತುವಾರಿಯಲ್ಲಿತ್ತು. ಮರದ ಹಾಲು ಗಟ್ಟಿ ಮಾಡಿ, ಮೆಷಿನಿಗೆ ಕೊಟ್ಟು ಶೀಟು ಮಾಡಿ, ಹೊಗೆಗೂಡಿನ ಬಿದಿರಿನ ಮೇಲೆ ನೇತು ಹಾಕುವುದು. ಕೆಳಗೆ ಸೌದೆ ಉರಿಸಿ ದಿನಗಟ್ಟಲೆ ಹೊಗೆ ಕೊಡುವುದು. ಬಿಳಿ ಶೀಟು ಜೇನಿನ ಬಣ್ಣಕ್ಕೆ ತಿರುಗಿದರೆ ಮತ್ತೆ ಬೂಷ್ಟು ಹಿಡಿಯುವ ಹೆದರಿಕೆ ಇಲ್ಲ. "ಹೊಗೆ ಕುಡಿದ ರಬ್ಬರಿಗೆ ಸಾವಿಲ್ಲ ಮೋನೇ" ಎಂದು ಮತ್ತಾಯಿ ಚೇಟ ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನು ಅದನ್ನು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದೆ.

ನಾನು ಎಂತ ಮಾಡಿದೆ ಎಂದು ನಿಮಗೆ ಈಗಾಗಲೇ ಗೊತ್ತಾಗಿರಬಹುದು. ಚೆಂಡನ್ನು ಒಂದು ತೆಳು ಬಟ್ಟೆಯಲ್ಲಿ ಕಟ್ಟಿ, ಹೊಗೆಗೂಡಿನ ನಡುವಿನ ಬಿದಿರಿಗೆ, ಎಲ್ಲಕ್ಕಿಂತ ಒಳ್ಳೆಯ ಹೊಗೆ ಬರುವ ಜಾಗದಲ್ಲಿ ನೇತು ಹಾಕಿದೆ. ಆ ಮಳೆಗಾಲ ಪೂರ್ತಿ ಅದು ಅಲ್ಲಿತ್ತು. ಹೊರಗೆ ಮಳೆ, ಒಳಗೆ ಬೆಚ್ಚಗೆ ನೀಲಿ ಹೊಗೆ, ಸಾಲುಸಾಲು ಶೀಟುಗಳ ನಡುವೆ ಆ ಪುಟ್ಟ ಗಂಟು. ನಾನು ಪುಸ್ತಕ ಹಿಡಿದು ಬಾಗಿಲ ಬಳಿ ಕೂತು ಆಗಾಗ ತಲೆಯೆತ್ತಿ ಅದನ್ನು ನೋಡುತ್ತಿದ್ದೆ. ಚೆಂಡು ಹೊಳೆಯ ಮೇಲೆ ಹಾರುವುದು ಕಣ್ಣಿಗೆ ಕಟ್ಟುತ್ತಿತ್ತು. ಅಷ್ಟು ನೆಮ್ಮದಿಯ ಮಳೆಗಾಲ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ಹೋಟೆಲಿನಲ್ಲಿ ಯಾರು ಕೇಳಿದರೂ, "ಚೆಂಡು ನನ್ನ ಹತ್ರ ಉಂಟು, ಹೇಗೆ ಇಡ್ಬೇಕೋ ಹಾಗೆ ಇಟ್ಟಿದ್ದೇನೆ" ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ.

ದೀಪಾವಳಿ ಕಳೆದು ಮಾವ ದಪ್ಪ ಕನ್ನಡಕ ಹಾಕಿಕೊಂಡು ಬಂದರು. ಮುಂದಿನ ಭಾನುವಾರ ಹೊಡೆಯುವುದೆಂದು ಹೋಟೆಲಿನಲ್ಲಿ ಹೇಳಿಯೂ ಬಂದರು. ಶನಿವಾರ ನಾನು ಗಂಟು ಬಿಚ್ಚಿದೆ. ಚೆಂಡು ಚಿಕ್ಕು ಹಣ್ಣಿನ ಬಣ್ಣಕ್ಕೆ ಬಂದಿತ್ತು. ಅದು ನನಗೆ ಆಶ್ಚರ್ಯ ಅಲ್ಲ, ಹೊಗೆ ಕುಡಿದದ್ದೆಲ್ಲ ಹಾಗೆಯೇ ಅಲ್ಲವಾ. ಅಂಟುವಾಳ ಹಾಕಿ ತಿಕ್ಕಿ ತಿಕ್ಕಿ ಸುಮಾರು ಬೆಳ್ಳಗೆ ಮಾಡಿದೆ. ಮತ್ತೆ ಸುಮ್ಮನೆ, ಎದೆ ಮಟ್ಟದಿಂದ ಕಲ್ಲಿನ ಮೇಲೆ ಬಿಟ್ಟೆ.

ದಪ್.

ಕಲ್ಲು ಒದ್ದೆ ಇರಬೇಕು ಎಂದುಕೊಂಡೆ. ಒಣಗಿದ ಕಲ್ಲಿನ ಮೇಲೆ ಬಿಡಲಿಲ್ಲ. ಬಿಡಬಹುದಿತ್ತು. ಹತ್ತು ಹೆಜ್ಜೆಯಲ್ಲಿ ಒಣಗಿದ ಕಲ್ಲು ಇತ್ತು. ನಾನು ಚೆಂಡನ್ನು ಕಾಗದದಲ್ಲಿ ಸುತ್ತಿ ಮಾವನಿಗೆ ಕೊಟ್ಟೆ.

ಭಾನುವಾರ ದಡದಲ್ಲಿ ಮೂವತ್ತು ನಲವತ್ತು ಜನ. ಹೋಟೆಲು ಬಾಗಿಲು ಹಾಕಿ ಬಂದಿತ್ತು. ಚೆಂಡು ಎಲ್ಲಿ ಬಿತ್ತೆಂದು ನೋಡಲು ಆಚೆ ದಡಕ್ಕೂ ಇಬ್ಬರು ದೋಣಿಯಲ್ಲಿ ಹೋಗಿ ನಿಂತಿದ್ದರು. ಮತ್ತಾಯಿ ಚೇಟ ಕೊಡೆ ಊರಿಕೊಂಡು ಎದುರಿಗೇ ಇದ್ದರು. "ಗೌಡ್ರೆ, ಆಚೆಯವರ ಮಂಡೆ ನೋಡಿಕೊಂಡು ಹೊಡೀರಿ ಮಾರಾಯ್ರೆ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಾವನೂ ನಕ್ಕರು.

ಕಾಗದ ಬಿಚ್ಚಿದ ಮಾವ ಚೆಂಡನ್ನು ಎದೆ ಮಟ್ಟಕ್ಕೆ ಹಿಡಿದು ದಡದ ಬಂಡೆಯ ಮೇಲೆ ಬಿಟ್ಟರು. ಹೊಳೆಯ ಸದ್ದಿನಲ್ಲಿ ಬೇರೆ ಯಾರಿಗೂ ಕೇಳಿರಲಾರದು. ನನಗೆ ಕೇಳಿತು. ಮಾವ ಬಗ್ಗಿ ಹೆಕ್ಕಿದರು, ಮೂಗಿನ ಹತ್ತಿರ ಹಿಡಿದರು. ಮತ್ತೆ ಆ ದಪ್ಪ ಕನ್ನಡಕದೊಳಗಿಂದ ನನ್ನನ್ನು ನೋಡಿದರು. ನಾನು ಅವರ ಹತ್ತಿರವೇ ಕೋಲು ಹಿಡಿದು ನಿಂತಿದ್ದೆ.

"ಹೊಗೆಯಲ್ಲಿ ಇಟ್ಟಿದ್ದೆಯಾ?" ಮೆಲ್ಲ ಕೇಳಿದರು.

"ಹೌದು ಮಾವ. ಹಾಳಾಗುದು ಬೇಡ ಅಂತ."

"ಹೂಂ" ಎಂದರು. ಕೋಲಿಗೆ ಕೈ ಚಾಚಿದರು.

ನಾನು ಮೊದಲೂ ಆಮೇಲೂ ಅಂಥ ಒಂದು ಏಟು ಕಂಡಿಲ್ಲ. ಕೋಲು ಮೇಲೆ ಹೋಗಿ ನಿಂತಿತು, ಗದ್ದೆಯ ಮಂಜಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ. ಚೆಂಡು ಒಂದು ಗೆರೆ ಎಳೆದ ಹಾಗೆ ನೇರ ಎದ್ದು ಹೊಳೆಯ ಮೇಲೆ ಹೋಯಿತು. ಅಷ್ಟು ದೂರ ಹೋದದ್ದು ಇನ್ನೂ ಅಷ್ಟೇ ದೂರ ಹೋಗಬೇಕು. ಆದರೆ ಅದು ಅಲ್ಲೇ, ಎಲ್ಲಿಗೆ ಹೊರಟದ್ದೆಂದೇ ಮರೆತು ಹೋದ ಹಾಗೆ, ಸೋತು ಬಗ್ಗಿತು. ನಡುಹೊಳೆ ದಾಟಿ ಸ್ವಲ್ಪ ಆಚೆ ನೀರು ಒಮ್ಮೆ ಬೆಳ್ಳಗೆ ಎದ್ದು ಮುಚ್ಚಿಕೊಂಡಿತು.

"ಹೊಸ ಚೆಂಡಿಗೆ ಎಂತ ಆಯ್ತು ಗೌಡ್ರೆ? ಅದೂ ಬಾಯಿ ಬಿಟ್ಟಿತಾ?" ಎಂದು ಮತ್ತಾಯಿ ಚೇಟ ಕೇಳಿದರು. ನಗು ಆಗಲೇ ದಡದ ಉದ್ದಕ್ಕೂ ಹೊರಟಿತ್ತು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಕೋಲನ್ನು ನನ್ನ ಕೈಗೆ ಒತ್ತಿ ಹಿಡಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಚೆಂಡು ಒಳ್ಳೆದೇ ಇತ್ತು ಚೇಟ. ಕೈ ಹೋಗಿದೆ."

ದಾರಿಯಲ್ಲಿ ನಾನು ಅತ್ತುಬಿಟ್ಟೆ. ಇಪ್ಪತ್ತೈದರ ಗಂಡಸು ಹೊಗೆಗೂಡಿನ ವಾಸನೆಯ ಅಂಗಿಯಲ್ಲಿ ಮೂಗು ಒರೆಸಿಕೊಂಡು, "ಯಾಕೆ ಮಾವ ಹೇಳ್ಳಿಲ್ಲ? ನಾನಲ್ವಾ ಹಾಳು ಮಾಡಿದ್ದು?" ಎಂದು ಕೇಳಿದೆ.

"ಹೇಳಿದ್ರೆ? ರಬ್ಬರ್ ಗೊತ್ತಿಲ್ಲದವ ಅಂತ ಆ ಚೇಟ ನಾಳೆಯೇ ನಿನ್ನನ್ನು ಹೊಗೆಗೂಡಿನಿಂದ ಇಳಿಸಿಯಾರು. ಮತ್ತೆ ಏಳನೇ ಕ್ಲಾಸು ಎಲ್ಲಿ ಕೂತು ಓದ್ತೀ?" ಎಂದರು ಮಾವ. ಸ್ವಲ್ಪ ದೂರ ನಡೆದ ಮೇಲೆ, ಕೆಲಸ ಕಲಿಸುವವರ ಧಾಟಿಯಲ್ಲಿ, "ಶೀಟು ಬೇರೆ, ಇದು ಬೇರೆ. ಇದು ಎಳೆದು ಬಿಗಿದು ಸುತ್ತಿದ್ದು ನೋಡು. ಬಿಗಿದು ಕಟ್ಟಿದ್ದಕ್ಕೆ ಬಿಸಿ ತಾಗ್ಬಾರ್ದು, ಒಳಗಿಂದ ಸಡಿಲ ಆಗ್ತದೆ. ಅತ್ತೆಯ ಸೌತೆಕಾಯಿ ನೆನಪುಂಟಲ್ಲ?" ಎಂದರು. ತಲೆ ಸವರಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ಮಾವನನ್ನು ಮತ್ತೆ ಯಾರೂ ಪಂಚಾತಿಕೆಗೆ ಕರೆಯಲಿಲ್ಲ. ಬೇರೆ ಕಾರಣವೂ ಇದ್ದಿರಬಹುದು. ಕಾಲ ಬದಲಾಗುತ್ತಿತ್ತು, ಜನ ಕೋರ್ಟಿಗೆ ಹೋಗಲು ಕಲಿತಿದ್ದರು. ಹಾಗೆಂದು ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಕಾಲುಚೀಲದಲ್ಲಿ ಉಳಿದಿದ್ದ ಹಳೆಯ ಚೆಂಡುಗಳಲ್ಲಿ ಮಾವ ಇನ್ನೂ ಕೆಲವು ಚಳಿಗಾಲ ಆಡಿದರು. ನಾನು ಪರೀಕ್ಷೆ ಪಾಸಾದೆ, ಮುಂದಿನದನ್ನೂ ಹೇಗೋ ದಾಟಿದೆ. ಪುತ್ತೂರಿನ ರಬ್ಬರ್ ಅಂಗಡಿಯೊಂದರಲ್ಲಿ ಶೀಟು ನೋಡಿ ದರ್ಜೆ ಹೇಳುವ ಕೆಲಸಕ್ಕೆ ಸೇರಿ ಅಲ್ಲೇ ನೆಲೆಸಿದೆ. ಶೀಟನ್ನು ಬೆಳಕಿಗೆ ಹಿಡಿದು, "ಇದಕ್ಕೆ ಬಿಸಿ ಹೆಚ್ಚಾಗಿದೆ" ಎಂದು ನಾನು ಹೇಳಿದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಆಲಂಕಾರಿಗೆ ಮದುವೆಗೆ, ಹೊಸಮನೆ ಒಕ್ಕಲಿಗೆ ಎಷ್ಟು ಸಲ ಹೋಗಿದ್ದೇನೆ. ಆ ಹೋಟೆಲಿನಲ್ಲಿ ಕೂತು ಚಾ ಕುಡಿದಿದ್ದೇನೆ. ಮತ್ತಾಯಿ ಚೇಟನ ಎದುರು ಕೂಡ ಕುಡಿದಿದ್ದೇನೆ. ಹೇಳಬೇಕೆಂದು ಗಂಟಲವರೆಗೆ ಬಂದದ್ದು ಚಾದೊಂದಿಗೆ ಕೆಳಗೆ ಹೋಗುತ್ತಿತ್ತು. ಎಂಬತ್ತರ ದಶಕ ಮುಗಿಯುವ ಮೊದಲೇ ಮಾವ ತೀರಿಕೊಂಡರು. ಅವರನ್ನು ನೋಡಲು ಬಂದವರಲ್ಲಿ ಒಬ್ಬರು ಅಂಗಳದಲ್ಲಿ ಇನ್ನೊಬ್ಬರಿಗೆ, "ಪಾಪ, ಒಳ್ಳೆ ಜನ. ಸ್ವಲ್ಪ ಬಡಾಯಿ ಅಷ್ಟೆ" ಎಂದದ್ದು ನನ್ನ ಕಿವಿಗೆ ಬಿತ್ತು. ಆಗಲೂ ನಾನು ಮಾತಾಡಲಿಲ್ಲ.

ಇದಿಷ್ಟನ್ನು ಸೊಸೆಗೆ ಹೇಳಿದೆ, ಕಾಲಡಿಯಲ್ಲಿ ಚೆಂಡು ಉರುಳಿಸಿಕೊಂಡು. ಅವಳು ಫೋನು ನೋಡುತ್ತಿದ್ದಳು, ಕೇಳುತ್ತಿಲ್ಲವೆಂದು ನಾನು ತಿಳಿದಿದ್ದೆ.

"ಇಲ್ಲಿ ಬರ್ದಿದ್ದಾರೆ ಮಾವ. ಈಗಿನ ಚೆಂಡಲ್ಲಿ ನೂಲು ಇಲ್ಲವಂತೆ, ಇಡೀ ಗಟ್ಟಿ ರಬ್ಬರಂತೆ. ತಂಪಲ್ಲಿ ಇಟ್ರೆ ವರ್ಷಗಟ್ಟಲೆ ಬರ್ತದಂತೆ. ಬಿಸಿಯಲ್ಲಿ ಮಾತ್ರ ಇಡ್ಬಾರ್ದಂತೆ" ಎಂದಳು. ಆಮೇಲೆ ಫೋನು ಕೆಳಗಿಟ್ಟು, "ಆ ದಿನ ದಡದಲ್ಲಿದ್ದವರು ಯಾರಾದ್ರೂ ಈಗ ಇದ್ದಾರಾ?" ಎಂದು ಕೇಳಿದಳು.

ಇದ್ದಾರು. ಐದಾರು ಜನ ಇದ್ದಾರು. ಅವರಲ್ಲಿ ಪತ್ರಿಕೆ ಓದುವವರೂ ಇದ್ದಾರು.

"ಮತ್ತೆ ಎಂತ ನೋಡುದು? ಬರೀರಿ."

ಹಾಗೆ ಕೂತಿದ್ದೇನೆ. ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಒತ್ತುತ್ತಾ ಇಷ್ಟು ಬರೆಯಲು ಒಂದು ವಾರ ಹಿಡಿಯಿತು. ಮೂರು ಚೆಂಡುಗಳಲ್ಲಿ ಎರಡು ಕಾಲಡಿಯಲ್ಲಿವೆ. ಒಂದನ್ನು ಕಾಗದದಲ್ಲಿ ಸುತ್ತಿ, ಒಲೆಯಿಂದ ದೂರ, ತಂಪಿನ ಜಾಗದಲ್ಲಿ ಇಟ್ಟಿದ್ದೇನೆ. ಯಾರಿಗೆಂದು ಕೇಳಬೇಡಿ.

ಆಲಂಕಾರಿನವರೇ, ಆ ಭಾನುವಾರ ಹೊಳೆ ಬದಿಯಲ್ಲಿ ನಿಂತಿದ್ದವರೇ, ದೇರಣ್ಣ ಮಾವನ ಕೈ ಹೋಗಿರಲಿಲ್ಲ. ಚೆಂಡು ಹೋಗಿತ್ತು. ಹೊಗೆಯಲ್ಲಿ ಇಟ್ಟವನು ನಾನು.